ನೀರು ಹೋದ ದಾರಿಯಲ್ಲಿ ಸೈಕಲ್ಲು

ಹೊಳೆನರಸೀಪುರದ ಆಚೆ, ನಾಲೆ ಪಕ್ಕದ ಒಂದು ಟೀ ಅಂಗಡಿಯ ಗೋಡೆಗೆ ಸೈಕಲ್ ಒರಗಿಸಿ ಕೂತಿದ್ದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದರು. ಹ್ಯಾಂಡಲ್ ನೋಡಲಿಲ್ಲ, ಗೇರು ನೋಡಲಿಲ್ಲ. ಬಗ್ಗಿ ಟೈರನ್ನು ಹೆಬ್ಬೆರಳಲ್ಲಿ ಒತ್ತಿದರು. ‘ಎಷ್ಟಾಯ್ತು ಸಾ ಇದು?’ ಅಂದರು. ಬೆಲೆಯಲ್ಲಿ ಅರ್ಧದಷ್ಟು ಹೇಳಿದೆ (ಮನೆಯಲ್ಲೂ ಅಷ್ಟೇ ಹೇಳಿರುವುದು). ‘ನಮ್ಮ ಅಟ್ಲಾಸಿಗೂ ಇಷ್ಟೇ ದಪ್ಪದ ಟೈರಲ್ವಾ? ಇದೇ ಏರಿ ಮೇಲೆ ಕ್ಯಾನು ಕಟ್ಕಂಡು ಡೈರಿಗೆ ಹೋಯ್ತಿದ್ದೆ’ ಎಂದು ಹೇಳಿ ಬೀಡಿ ಹಚ್ಚಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಗ್ರಾವೆಲ್ ಬೈಕಿನ ಟೈರು 40 ಮಿಲಿಮೀಟರ್. ಅಟ್ಲಾಸ್, ಹೀರೋ ಕರಿ ಸೈಕಲ್ಲುಗಳ ಟೈರು 28 ಇಂಚು ಎತ್ತರ, ಒಂದೂವರೆ ಇಂಚು ದಪ್ಪ. ಒಂದೂವರೆ ಇಂಚು ಅಂದರೆ 38 ಮಿಲಿಮೀಟರ್. ಎರಡೇ ಎರಡು ಮಿಲಿಮೀಟರಿನ ನಾವೀನ್ಯಕ್ಕೆ ನಾನು ಅಷ್ಟು ದುಡ್ಡು ಸುರಿದಿದ್ದೆ.

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಲ್ಲಿ 2006ರಲ್ಲಿ ಜಲ್ಲಿದಾರಿಯ ಮೇಲೆ 200 ಮೈಲಿಗಳ ಸೈಕಲ್ ಪಂದ್ಯವೊಂದು ಶುರುವಾಯಿತು. ಡಾಂಬರಿನ ಸಣ್ಣ ಟೈರಿಗೂ ಬೆಟ್ಟದ ದಪ್ಪ ಟೈರಿಗೂ ನಡುವಿನ ಈ ಸೈಕಲ್ಲು ಜಗತ್ತಿಗೆ ಹಬ್ಬಿದ್ದು ಅಂಥ ಪಂದ್ಯಗಳ ಹಿಂದೆಯೇ. ಅವರ ‘ಗ್ರಾವೆಲ್’ಗೆ ನಮ್ಮಲ್ಲಿ ಗರಸು ಎಂಬ ಒಳ್ಳೆಯ ಮಾತಿದೆ. ಆದರೆ ಹಾಸನ ಸೀಮೆಯಲ್ಲಿ ಗರಸು ಹಾದಿ ಹುಡುಕುವವನು ರಸ್ತೆಯ ನಕ್ಷೆ ಬಿಡಿಸಬಾರದು, ನೀರಿನ ನಕ್ಷೆ ಬಿಡಿಸಬೇಕು. ಇಲ್ಲಿ ಲಾರಿ ಇಲ್ಲದ, ಹಾರನ್ ಇಲ್ಲದ ದಾರಿಗಳನ್ನೆಲ್ಲ ಹಾಕಿಕೊಟ್ಟದ್ದು ನೀರೇ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಲ್ಲಿಂದ ಎಡದಂಡೆ ನಾಲೆ, ಬಲದಂಡೆ ನಾಲೆ, ಬಲದಂಡೆ ಮೇಲ್ಮಟ್ಟದ ನಾಲೆ ಹೊರಡುತ್ತವೆ. ಎಡದ್ದು ಚನ್ನರಾಯಪಟ್ಟಣದ ಕಡೆಗೆ, ಬಲದವು ಅರಕಲಗೂಡು, ಹೊಳೆನರಸೀಪುರದ ಕಡೆಗೆ. ನಾಲೆಗೆ ಏರಿ ಬೇಕು, ಏರಿಯ ಮೇಲೆ ಇಂಜಿನಿಯರ ಜೀಪಿಗೊಂದು ದಾರಿ ಬೇಕು. ಆ ಜೀಪು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದಂತೆ ಎತ್ತಿನ ಗಾಡಿ, ಮೇಕೆ ಹಿಂಡು, ಬಟ್ಟೆ ಒಗೆಯುವವರು, ನಾಲೆಯ ನೀರು ನೋಡಿಕೊಳ್ಳುವ ಸೌಡಿ, ಮತ್ತು ನಾನು.

ನಾಲೆ ದಾರಿಯ ರುಚಿ ಅದರ ಮಟ್ಟದಲ್ಲಿದೆ. ನೀರು ತಾನಾಗಿ ಹರಿಯಬೇಕು, ಆದರೆ ಏರಿ ಕೊರೆಯುವಷ್ಟು ಓಡಬಾರದು. ಹಾಗಾಗಿ ದೊಡ್ಡ ನಾಲೆಗೆ ಕಿಲೋಮೀಟರಿಗೆ ಒಂದು ಗೇಣಿನ ಆಸುಪಾಸು ಇಳಿಜಾರು ಕೊಟ್ಟರೆ ಸಾಕು. ಗುಡ್ಡ ಬಂದರೆ ನಾಲೆ ಹತ್ತುವುದಿಲ್ಲ, ಬಳಸುತ್ತದೆ. ಹಳ್ಳ ಬಂದರೆ ಇಳಿಯುವುದಿಲ್ಲ, ಮೇಲ್ಗಾಲುವೆಯಲ್ಲಿ ದಾಟುತ್ತದೆ. ಎದುರಿಗೆ ಕಾಣುವ ಊರನ್ನು ಮುಟ್ಟಲು ಮೂರು ಮಡಿಕೆ ಸುತ್ತು. ಅವಸರದವರಿಗೆ ಇದು ಹೇಳಿದ ದಾರಿಯಲ್ಲ. ತೊಡೆಗೆ ಮಾತ್ರ ಇಷ್ಟು ದಯೆ ತೋರುವ ದಾರಿ ಇನ್ನೊಂದಿಲ್ಲ. ಒಂದು ಮಗ್ಗುಲಲ್ಲಿ ತುಂಬಿದ ನೀರು, ಇನ್ನೊಂದು ಮಗ್ಗುಲಲ್ಲಿ ಎರಡಾಳು ತಗ್ಗಿನಲ್ಲಿ ಗದ್ದೆಯ ಹಸಿರು. ತೆಂಗಿನ ಸುಳಿ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಈ ಹಾದಿ ಎಲ್ಲ ಕಾಲಕ್ಕೂ ಒಂದೇ ಥರ ಇರುವುದಿಲ್ಲ. ನಾನು ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡುವುದು ಜಲಾಶಯದ ಮಟ್ಟ. ಹೇಮಾವತಿಯ ಪೂರ್ಣ ಮಟ್ಟ 2922 ಅಡಿ. ಅದರ ಹತ್ತಿರ ಬಂತೆಂದರೆ ನೀರಾವರಿ ಸಲಹಾ ಸಮಿತಿ ಸೇರುತ್ತದೆ, ನಾಲೆಗೆ ನೀರು ಬಿಡುತ್ತಾರೆ. ರೈತನಿಗೆ ಅದು ಒಟ್ಲು ಪಾತಿಯ ಸುದ್ದಿ, ನನಗೆ ಟೈರಿನ ಗಾಳಿಯ ಸುದ್ದಿ. ಮೊದಲ ವರ್ಷ ಇದು ಗೊತ್ತಿರಲಿಲ್ಲ. ನೀರು ಬಿಟ್ಟ ವಾರದಲ್ಲಿ ತಗ್ಗಿನ ಕಡೆ, ಏರಿಯ ಬುಡದ ಬಂಡಿಜಾಡು ಹಿಡಿದು ಹೋಗಿ ಮುಂಗಾಲಿ ಅಚ್ಚಿನ ತನಕ ಹೂತು, ನಾನು ಹ್ಯಾಂಡಲಿನ ಮೇಲಿಂದ ಆಚೆಗೆ ಇಳಿದೆ. ತೂಬಿನ ಹತ್ತಿರ ನಿಂತಿದ್ದ ಸೌಡಿ ನಗಲಿಲ್ಲ. ‘ನೀರ್ ಬುಟ್ಟವ್ರೆ ಸಾ, ಕೆಳಗ್ಲ ದಾರೀಲಿ ಹೋಗ್ಬ್ಯಾಡಿ, ಒಸರ್ತದೆ. ಮ್ಯಾಲೆ ಹತ್ಕಳಿ’ ಅಂದ. ಅಂದಿನಿಂದ ಯಾವ ಆ್ಯಪನ್ನೂ ಕೇಳುವುದಿಲ್ಲ, ಸೌಡಿಯನ್ನು ಕೇಳುತ್ತೇನೆ.

ನನ್ನ ಆಯ್ಕೆ ನವೆಂಬರ್. ಮಳೆ ಹಿಂದಾಗಿರುತ್ತದೆ, ನಾಲೆ ಇನ್ನೂ ಹರಿಯುತ್ತಿರುತ್ತದೆ. ಹೊಲದಲ್ಲಿ ರಾಗಿ ತೆನೆ ಬಾಗಿರುತ್ತದೆ. ಗರಸು ಗಟ್ಟಿಯಾಗಿ ಕೂತು, ಚಕ್ರದ ಕೆಳಗೆ ಹುರಿಗಾಳು ಅಗಿದಂಥ ಸದ್ದು ಮಾಡುತ್ತದೆ. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಅದೇ ದಾರಿ ಧೂಳು, ಮತ್ತು ಜಾಲಿ ಮುಳ್ಳು. ಬೇಸಿಗೆಗೆಂದೇ ಇಟ್ಟಿರುವ ಒಂದು ಹಾದಿ ಮಾತ್ರ ಬೇರೆ. ಹಿನ್ನೀರು ಸರಿದಾಗ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯ ಸುತ್ತ ಬಿರಿದ ನೆಲ ಮೇಲೇಳುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಆ ಇಗರ್ಜಿ ಮಳೆಗಾಲದಲ್ಲಿ ನೀರಲ್ಲಿ ನಿಂತು ಫೋಟೊಕ್ಕೆ ಒದಗುತ್ತದೆ. ಸೈಕಲ್ಲಿನವನಿಗೆ ಬೇಕಾದದ್ದು ಏಪ್ರಿಲ್ ತಿಂಗಳ ಇಗರ್ಜಿ.

ಹೊಸ ನಾಲೆಗೂ ಹಳೆಯ ನಾಲೆಗೂ ಇರುವ ಅಂತರ ತಿಳಿಯಬೇಕಾದರೆ ಅರಕಲಗೂಡು ತಾಲ್ಲೂಕಿಗೆ ಹೋಗಬೇಕು. ಅಲ್ಲಿ ಕಾವೇರಿಗೆ ಕಟ್ಟೇಪುರದ ಅಣೆ, ಇತ್ತ ಹೊಳೆನರಸೀಪುರದಲ್ಲಿ ಹೇಮಾವತಿಗೆ ಶ್ರೀರಾಮದೇವರ ಕಟ್ಟೆ. ಎರಡೂ ಹಳೆಯ ಮೈಸೂರಿನ ಕಾಲದವು. ಈ ಹಳೆ ನಾಲೆಗಳು ಹೊಳೆಯ ಮಗ್ಗುಲು ಬಿಟ್ಟು ದೂರ ಹೋಗುವುದಿಲ್ಲ. ಅಗಲ ಕಮ್ಮಿ, ಏರಿಯ ಮೇಲೆ ಹೊಂಗೆ, ಬೇವು, ಹುಣಸೆ. ಎಷ್ಟೋ ಕಡೆ ಜೀಪು ಹೋಗುವಷ್ಟು ಜಾಗವೇ ಇಲ್ಲ. ಗಂಟೆಗೆ ಹತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗಲಾಗದು, ಹೋಗಬಾರದು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ರಾಮನಾಥಪುರದ ಸುತ್ತ ಬ್ಯಾರನ್‌ಗಳಿಂದ ಬರುವ ಕಟು ಸಿಹಿ ವಾಸನೆ ಬಟ್ಟೆಗೆ ಹತ್ತಿಕೊಂಡು ಹಾಸನದವರೆಗೂ ಬರುತ್ತದೆ. ಕೊಣನೂರಿನ ತೂಗುಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ದಾಟಿ. ತುಳಿದರೆ ಸೇತುವೆ ಒಂದು ತಾಳಕ್ಕೆ, ನೀವು ಇನ್ನೊಂದು ತಾಳಕ್ಕೆ ಆಡುತ್ತೀರಿ. ಸಂಗೀತಗಾರರ ಊರು ರುದ್ರಪಟ್ಟಣ ಅಲ್ಲಿಂದ ದೂರವಿಲ್ಲ.

ಕಾಡಿನ ವಿಚಾರಕ್ಕೆ ಎರಡೇ ಮಾತು. ಪಶ್ಚಿಮಕ್ಕೆ, ಆಲೂರು ಸಕಲೇಶಪುರದ ಕಡೆ, ಕಾಡಿನ ಹಾದಿ ಎಷ್ಟೇ ಕರೆದರೂ ನಾನು ಹೋಗುವುದಿಲ್ಲ. ಅದು ಆನೆಯ ದಾರಿ. 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ, ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನನೇ ಕಾಡಾನೆಗೆ ಬಲಿಯಾದ ಸೀಮೆ ಅದು; ನನ್ನ ಹತ್ತು ಕೆಜಿ ಸೈಕಲ್ಲು ಯಾವ ಲೆಕ್ಕ? ನಮ್ಮ ಪಾಲಿಗೆ ಉಳಿಯುವುದು ಪೂರ್ವದ ಬಯಲು: ಕಾವಲು, ಕುರುಚಲು, ನೀಲಗಿರಿ ತೋಪು. ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ಸರ್ಕಾರ 2017ರಲ್ಲಿ ಹೇಳಿದರೂ ಹಳೆಯವು ನಿಂತಿವೆ. ಅವುಗಳ ಒಣ ಎಲೆ ತಿರುವಿನಲ್ಲಿ ಎಣ್ಣೆ ಚೆಲ್ಲಿದಂತೆ ಜಾರುತ್ತದೆ.

ಒಂದು ಎಚ್ಚರಿಕೆ. ನಾಲೆ ಏರಿಗೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಮಂಡ್ಯದ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಕಾಂಕ್ರೀಟ್ ಹಾಸಿದ ಕಡೆ ಪಾಚಿ ಹಿಡಿದ ಇಳಿಜಾರಿನಲ್ಲಿ ಈಜು ಬಲ್ಲವನೂ ಹತ್ತಲಾರ. ಕತ್ತಲಾದ ಮೇಲೆ ಏರಿ ಇಳಿದುಬಿಡಿ. ಇಬ್ಬರಿದ್ದರೆ ಒಬ್ಬರ ಹಿಂದೆ ಒಬ್ಬರು. ಜೊತೆಯಾಗಿ ಹರಟೆ ಹೊಡೆಯಲು ಟೀ ಅಂಗಡಿ ಇದೆ.

ಎಡದಂಡೆಯನ್ನು ಬಿಡದೆ ಹಿಡಿದು ಹೋದವನಿಗೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಒಂದು ಆಶ್ಚರ್ಯ ಕಾದಿದೆ. ಬಾಗೂರಿನ ಹತ್ತಿರ ತುಮಕೂರಿಗೆ ಹೋಗುವ ನೀರು ಗುಡ್ಡವನ್ನು ಬಳಸುವುದು ಬಿಟ್ಟು ಒಳಗೇ ನುಗ್ಗುತ್ತದೆ. ಬಾಗೂರು–ನವಿಲೆ ಸುರಂಗ ಒಂಬತ್ತು ಕಿಲೋಮೀಟರಿಗೂ ಉದ್ದ. ಅಷ್ಟು ಹೊತ್ತು ಜೊತೆಗಿದ್ದ ಸಂಗಾತಿ ಮಾತಿಲ್ಲದೆ ಎದ್ದು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಂಡಂತೆ ಆಗುತ್ತದೆ. ನನಗೆ ಇದು ವಿನೋದ. ಸುರಂಗದಿಂದ ಭೂಮಿಗೂ ಬಾವಿಗೂ ಆದ ನಷ್ಟಕ್ಕೆ ಪರಿಹಾರ ಕೇಳುತ್ತ ದಶಕಗಳನ್ನು ಕಳೆದ ಸುತ್ತಲಿನ ಹಳ್ಳಿಯವರಿಗೆ ಅಲ್ಲ.

ಅಲ್ಲಿಂದ ಮುಂದೆ ಗೇಣಿನ ಲೆಕ್ಕ ನಡೆಯುವುದಿಲ್ಲ, ಗುಡ್ಡ ಹತ್ತಲೇಬೇಕು. ಕೊನೆಯ ಗೇರಿಗೆ ಹಾಕಿ, ತೆಂಗಿನ ತೋಟಗಳ ನಡುವಿನ ಬಂಡಿಜಾಡಿನಲ್ಲಿ ಏದುತ್ತ ಹೋದೆ. ಹಗ್ಗ ಹಿಡಿದು ಹಸು ಮೇಯಿಸುತ್ತಿದ್ದ ಅಜ್ಜಿ ಒಬ್ಬರು, ‘ನವಿಲೆಗಾ? ಇನ್ನೂ ದೂರ ಅದೆ ಕಣಪ್ಪ’ ಅಂದರು. ಕುಡಿಯಲು ನೀರು ಕೇಳಿದೆ. ಇಲ್ಲೆಲ್ಲೂ ಇಲ್ಲ, ಊರಿಗೇ ಹೋಗಬೇಕು ಎಂದರು. ಇಬ್ಬರೂ ನಿಂತಿದ್ದು ಹೇಮಾವತಿಯ ಮೇಲೆಯೇ.