ಮನೆಯವರೇ ಬರೆದ ಮನೆಯ ಚರಿತ್ರೆ

ಒಂದು ಮನೆತನದ ಚರಿತ್ರೆಯನ್ನು ಆ ಮನೆಯವರೇ ಬರೆದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅಮೆರಿಕದ ಡಿಸ್ನಿ ಆನಿಮೇಷನ್ ಸ್ಟುಡಿಯೋದ ಕುರಿತಾದ ಚಿತ್ರಗಳನ್ನು ನೋಡುವಾಗ ಈ ಪ್ರಶ್ನೆ ನಮ್ಮನ್ನು ಕಾಡದೆ ಬಿಡುವುದಿಲ್ಲ. ನಮ್ಮ ಮಕ್ಕಳ ಕಲ್ಪನೆಯನ್ನು ರೂಪಿಸಿದ ಸಂಸ್ಥೆಯೊಂದು ತನ್ನ ಕಥೆಯನ್ನು ಹೇಗೆ ಹೇಳಿಕೊಳ್ಳುತ್ತದೆ ಎಂಬುದು ಕೇವಲ ಸಿನಿಮಾ ಪ್ರಿಯರ ಕುತೂಹಲವಲ್ಲ.

1941ರ 'ದಿ ರಿಲಕ್ಟೆಂಟ್ ಡ್ರ್ಯಾಗನ್' ಪೂರ್ಣಾರ್ಥದಲ್ಲಿ ಸಾಕ್ಷ್ಯಚಿತ್ರವಲ್ಲ. ಆದರೆ ಸ್ಟುಡಿಯೋವನ್ನು ಜನರಿಗೆ ತೋರಿಸಲೆಂದೇ ತೆಗೆದ ಚಿತ್ರ. ಹಾಸ್ಯಗಾರ ರಾಬರ್ಟ್ ಬೆಂಚ್ಲಿ ಬರ್ಬ್ಯಾಂಕಿನ ಹೊಸ ಕಟ್ಟಡಗಳಲ್ಲಿ ಸುತ್ತಾಡುತ್ತಾರೆ. ಕ್ಯಾಮೆರಾ ಕೋಣೆಗೆ ಬರುವ ಹೊತ್ತಿಗೆ ಕಪ್ಪು ಬಿಳುಪಿನ ಚಿತ್ರವೇ ಬಣ್ಣ ತಳೆಯುತ್ತದೆ. ಎಲ್ಲೆಲ್ಲೂ ನಗುಮುಖಗಳು. ಆ ನೌಕರರಲ್ಲಿ ಕೆಲವರು ನಟರು. ಕಥಾ ವಿಭಾಗದವನಾಗಿ ಕಾಣಿಸುವವರು ಅಲನ್ ಲ್ಯಾಡ್. ಚಿತ್ರ ಬಿಡುಗಡೆಯಾದ ಜೂನ್ ತಿಂಗಳಲ್ಲಿ ನಿಜವಾದ ನೌಕರರಲ್ಲಿ ನೂರಾರು ಮಂದಿ ಗೇಟಿನ ಹೊರಗೆ ಮುಷ್ಕರ ಹೂಡಿದ್ದರು. ಸಂಘ ಕಟ್ಟಲು ಮುಂದಾದ ಆರ್ಟ್ ಬ್ಯಾಬಿಟ್ ಎಂಬ ಹಿರಿಯ ಕಲಾವಿದರನ್ನು ಕೆಲಸದಿಂದ ತೆಗೆದ ಮೇಲೆ, ಮೇ 29ರಂದು ಆರಂಭವಾದ ಮುಷ್ಕರ ಅದು. 1947ರಲ್ಲಿ ವಾಲ್ಟ್ ಡಿಸ್ನಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಇದು ಕಮ್ಯುನಿಸ್ಟರ ಕೈವಾಡವೆಂದು ಹೇಳಿಕೆ ಕೊಟ್ಟರು. ತೆರೆಯ ಮೇಲೆ ಬಣ್ಣ ತುಂಬುತ್ತಿದ್ದವರ ಬದುಕಿನ ಬಣ್ಣ ಮಾತ್ರ ಆ ಚಿತ್ರದಲ್ಲಿ ಬರಲೇ ಇಲ್ಲ.

2009ರ 'ವೇಕಿಂಗ್ ಸ್ಲೀಪಿಂಗ್ ಬ್ಯೂಟಿ' ಇದಕ್ಕಿಂತ ಬಹಳ ಪ್ರಾಮಾಣಿಕ. 1984ರಿಂದ 1994ರವರೆಗಿನ ಏಳುಬೀಳು ಇದರ ವಸ್ತು. ನಿರ್ದೇಶಕ ಡಾನ್ ಹಾನ್ ಅಲ್ಲಿಯೇ 'ದಿ ಲಯನ್ ಕಿಂಗ್' ನಿರ್ಮಿಸಿದವರು. ಕುರ್ಚಿಯಲ್ಲಿ ಕೂತು ನೆನಪು ಹೇಳುವ ಹಿರಿಯರನ್ನು ಅವರು ತೋರಿಸುವುದಿಲ್ಲ. ಅಂದಿನ ದೃಶ್ಯಗಳ ಮೇಲೆ ದನಿಗಳಷ್ಟೇ ಕೇಳುತ್ತವೆ. ಜೊತೆಗೆ ಕಲಾವಿದರು ಮೇಲಧಿಕಾರಿಗಳನ್ನು ಗೇಲಿ ಮಾಡಿ ಬರೆದ ವ್ಯಂಗ್ಯಚಿತ್ರಗಳು. ಐಸ್ನರ್, ಕಾಟ್ಜೆನ್‌ಬರ್ಗ್, ರಾಯ್ ಡಿಸ್ನಿ ನಡುವಿನ ಜಗಳ ಮುಚ್ಚಿಡಲಾಗಿಲ್ಲ. ಗೀತರಚನಕಾರ ಹೋವರ್ಡ್ ಆಶ್ಮನ್ 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡದ್ದನ್ನು ಹೇಳುವ ಭಾಗ ಮನ ಕಲಕುತ್ತದೆ. ಆದರೂ ಇದು ಮನೆಯೊಳಗಿನ ಜಗಳವೇ. ಅಂಗಳದ ಆಚೆ ನಿಂತವರ ಗಾಯ ಇದರ ವಸ್ತುವಲ್ಲ.

ಇನ್ನೊಂದು ಚಿತ್ರದ ಗತಿ ನೋಡಿ. ಗಾಯಕ ಸ್ಟಿಂಗ್ ಅವರ ಪತ್ನಿ ಟ್ರೂಡಿ ಸ್ಟೈಲರ್, ಜಾನ್ ಪಾಲ್ ಡೇವಿಡ್‌ಸನ್ ಜೊತೆ ಸೇರಿ ತೆಗೆದ 'ದಿ ಸ್ವೆಟ್‌ಬಾಕ್ಸ್' 2002ರಲ್ಲಿ ಟೊರಾಂಟೋ ಉತ್ಸವದಲ್ಲಿ ಪ್ರದರ್ಶನಗೊಂಡಿತು. ವರ್ಷಗಟ್ಟಲೆ ದುಡಿದು ಕಟ್ಟಿದ ಕಥೆಯೊಂದನ್ನು ಅಧಿಕಾರಿಗಳು ಒಪ್ಪದೆ, ಅದು 'ದಿ ಎಂಪರರ್ಸ್ ನ್ಯೂ ಗ್ರೂವ್' ಎಂಬ ಬೇರೆಯದೇ ಚಿತ್ರವಾದ ಬಗೆ ಅದರಲ್ಲಿದೆ. ಹಕ್ಕು ಡಿಸ್ನಿಯದು; ಅದು ವ್ಯಾಪಕವಾಗಿ ಬಿಡುಗಡೆಯಾಗಲಿಲ್ಲ. ಕನ್ನಡಿ ಹಿಡಿಯಲು ಬಿಟ್ಟವರೇ ಕನ್ನಡಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ನಮ್ಮ ಕಳವಳಕ್ಕೆ ಕಾರಣವಿದೆ. ಆ ಸುವರ್ಣ ದಶಕದ್ದೇ ಚಿತ್ರ 1992ರ 'ಅಲ್ಲಾದೀನ್'. ಅದರ ಮೊದಲ ಹಾಡಿನಲ್ಲಿ ಅರಬರ ನಾಡೆಂದರೆ ಕಿವಿ ಕತ್ತರಿಸುವ ನಾಡು ಎಂಬ ಮಾತಿತ್ತು. ಅಮೆರಿಕದ ಅರಬರು ಪ್ರತಿಭಟಿಸಿದ ಮೇಲೆ 1993ರ ವೀಡಿಯೋದಲ್ಲಿ ಆ ಸಾಲು ಬದಲಾಯಿತು. ನಾಡನ್ನು ಬರ್ಬರವೆನ್ನುವ ಪದ ಮಾತ್ರ ಹಾಗೆಯೇ ಉಳಿಯಿತು. 2019ರಲ್ಲಿ ನಟರನ್ನಿಟ್ಟು ಹೊಸದಾಗಿ ತೆಗೆದ ಚಿತ್ರದಲ್ಲಷ್ಟೇ ಅದು ಹೋಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಆ ಹಾಡನ್ನು ಗುನುಗುತ್ತಲೇ ಬೆಳೆದಿದ್ದರು.

ಆ ಕಥೆಯಾದರೂ ಯಾರದು? 1709ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಫ್ರೆಂಚ್ ಅನುವಾದಕ ಆಂಟ್ವಾನ್ ಗಲಾಂಗೆ ಹೇಳಿದವನು ಅಲೆಪ್ಪೋದ ಕ್ರೈಸ್ತ ಯುವಕ ಹನ್ನಾ ದಿಯಾಬ್. ಗಲಾಂ ತಮ್ಮ ದಿನಚರಿಯಲ್ಲಿ ಅವನನ್ನು ನೆನೆದರು, ಅಚ್ಚಾದ ಪುಸ್ತಕದಲ್ಲಿ ನೆನೆಯಲಿಲ್ಲ. ಕಥೆ ಹೇಳಿದವನ ಹೆಸರು ಅಳಿಸಿಹೋಗುವುದು, ಅವನ ನಾಡಿಗೆ ಕಳಂಕ ಮೆತ್ತಿಕೊಳ್ಳುವುದು ಒಂದೇ ದಾರಿಯ ಎರಡು ತಿರುವುಗಳು. ಕಥೆ ಬರೆಯುವ ನಮಗೆ ಇದು ದೂರದ ಸಂಗತಿಯೆನಿಸುವುದಿಲ್ಲ.

ಈ ಸಾಕ್ಷ್ಯಚಿತ್ರಗಳನ್ನು ನೋಡಬಾರದೆಂದು ನಾವು ಹೇಳುತ್ತಿಲ್ಲ. ಬಿಳಿ ಹಾಳೆಯ ಮೇಲೆ ಜೀವ ತುಂಬುವ ಕೈಗಳ ಶ್ರಮವನ್ನು ಕಂಡು ಯಾರೂ ತಲೆಬಾಗಲೇಬೇಕು. ಆದರೆ ಸಾಕ್ಷಿ ಎಂಬ ಪದಕ್ಕೊಂದು ಘನತೆಯಿದೆ. ತನಗೆ ವಿರುದ್ಧವಾದರೂ ಸತ್ಯವನ್ನೇ ನುಡಿಯಬೇಕೆಂಬುದು ನಾವು ಬಾಲ್ಯದಿಂದ ಕೇಳಿದ ಪಾಠ. ಗೇಟಿನ ಹೊರಗೆ ನಿಂತವರನ್ನೂ ಅಲೆಪ್ಪೋದ ಆ ಯುವಕನನ್ನೂ ಒಳಗೆ ಕರೆದು ಕೂರಿಸಿದಾಗ ಆ ಸ್ಟುಡಿಯೋದ ಚರಿತ್ರೆ ಪೂರ್ತಿಯಾದೀತು.