ಪ್ರಚಾರವೂ ಪ್ರಾಶ್ನಿಕರೂ

ನಾಟಕವು ಸಫಲವಾಯಿತೆಂಬುದನ್ನು ತಿಳಿಯುವ ಬಗೆ ಯಾವುದೆಂಬ ಪ್ರಶ್ನೆಯನ್ನು ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ವಿಚಾರಿಸಿರುವನು. ನೋಟಕರ ಮುಗುಳ್ನಗೆ, ಸಾಧುಕಾರ, ರೋಮಾಂಚ, ಪೀಠದಿಂದೆದ್ದು ಉಟ್ಟ ವಸ್ತ್ರವನ್ನೇ ಕೊಡುವ ಉತ್ಸಾಹ, ಇವು ಮಾನುಷೀ ಸಿದ್ಧಿಯ ಕುರುಹುಗಳು. ರಂಗವು ಕಿಕ್ಕಿರಿದಿದ್ದೂ ಸದ್ದಾಗಲಿ ಕ್ಷೋಭೆಯಾಗಲಿ ಇಲ್ಲದಿರುವುದು ದೈವೀ ಸಿದ್ಧಿ. ಎರಡೂ ಪ್ರಯೋಗವನ್ನು ಕಣ್ಣಾರೆ ಕಂಡವರಲ್ಲಿ ಮಾತ್ರ ಹುಟ್ಟತಕ್ಕವು. ಕಾಣುವುದಕ್ಕೆ ಮುನ್ನವೇ ಒದಗುವ ಸಿದ್ಧಿಯೊಂದನ್ನು ಆತನು ಹೇಳಿಲ್ಲ.

ಇಂದಿನ ಚಲನಚಿತ್ರಲೋಕವು ಆ ಮೂರನೆಯದನ್ನೂ ಕಂಡುಕೊಂಡಿದೆ. ‘ಕೆಜಿಎಫ್’ ಎರಡನೆಯ ಭಾಗದ ಟೀಸರು ಯೂಟ್ಯೂಬಿನಲ್ಲಿ ಹೊರಬಿದ್ದದ್ದು 2021ರ ಜನವರಿಯಲ್ಲಿ. ಅದರ ವೀಕ್ಷಣೆಯ ಎಣಿಕೆಯು ಕೆಲವೇ ದಿನಗಳಲ್ಲಿ 10 ಕೋಟಿಯನ್ನು ಮೀರಿತು. ಚಿತ್ರವು ತೆರೆಗೆ ಬಂದದ್ದು 2022ರ ಏಪ್ರಿಲ್ 14ರಂದು. 15 ತಿಂಗಳ ಕಾಲ ಜನರು ಕೊಂಡಾಡಿದ್ದು ತಾವಿನ್ನೂ ನೋಡದ ಕೃತಿಯನ್ನು. ಬಳಿಕ ಆ ಚಿತ್ರವು ಗಲ್ಲಾಪೆಟ್ಟಿಗೆಯನ್ನು ತುಂಬಿತೆಂಬುದು ನಿಜವೇ. ಆದರೂ ಕುತೂಹಲದ ಎಣಿಕೆಯನ್ನು ಗುಣದ ಅಳತೆಯೆಂದು ಬಗೆಯುವ ರೂಢಿಯು ಇಂಥವುಗಳಿಂದ ಬಲಿಯುತ್ತಲಿದೆ.

ಪ್ರಚಾರವೇ ದೋಷವೆಂದು ಹೇಳಲಾಗದು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅಂದಿನಿಂದ ಬಹುಕಾಲ ಊರೂರಿನಲ್ಲಿಯೂ ಗಾಡಿಗೆ ಭಿತ್ತಿಪತ್ರ ಕಟ್ಟಿ, ತಮಟೆ ಬಾರಿಸಿ, ಕರಪತ್ರ ಹಂಚುವ ಪದ್ಧತಿಯಿದ್ದಿತು. ತಮಟೆಯವನು ಕೂಲಿಯವನೆಂಬುದನ್ನು ಗಾಡಿಯ ಹಿಂದೆ ಓಡುವ ಹುಡುಗರೂ ಬಲ್ಲವರಾಗಿದ್ದರು. ಅವನ ಕೂಗು ಕರೆಯೇ ಹೊರತು ತೀರ್ಪಲ್ಲವೆಂಬುದರಲ್ಲಿ ಯಾರಿಗೂ ಭ್ರಾಂತಿಯಿರಲಿಲ್ಲ. ಇಂದು ಇನ್‌ಸ್ಟಾಗ್ರಾಮಿನಲ್ಲಿ ತರುಣನೊಬ್ಬನು ಚಿತ್ರಮಂದಿರದ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ಹೊಗಳಿದರೆ, ಅದು ರಸಾನುಭವದ ಕಣ್ಣೀರೋ ಕೂಲಿಯ ಕಣ್ಣೀರೋ ನಿರ್ಣಯಿಸುವುದು ಕಷ್ಟ. ಹಣ ಪಡೆದ ಹೊಗಳಿಕೆಗೆ ಜಾಹೀರಾತೆಂಬ ಗುರುತು ಹಾಕತಕ್ಕದ್ದೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ನಿಯಮವನ್ನು ಮಾಡಿತು. ನಿಯಮವೇನೋ ಒಳ್ಳೆಯದು; ಗುರುತನ್ನು ಮರೆಮಾಡಿದವನನ್ನು ಹಿಡಿಯುವುದು ಸುಲಭವಲ್ಲ.

ಹೊಗಳಿಕೆಯಂತೆ ನಿಂದೆಯನ್ನೂ ಹಣ ಕೊಟ್ಟು ಮಾಡಿಸುವರೆಂಬುದು ನಿರ್ಮಾಪಕರ ದೂರು. ಭರತನಿಗೆ ಇದೂ ಅಪರಿಚಿತವಲ್ಲ. ಮಾತ್ಸರ್ಯ, ದ್ವೇಷ, ಪಕ್ಷಪಾತ, ಧನದ ಆಮಿಷ, ಇವುಗಳಿಂದ ಪರರು ಪ್ರಯೋಗಕ್ಕೊಡ್ಡುವ ಘಾತಗಳನ್ನು ಹೇಳಿ, ರಂಗಕ್ಕೆ ಸಗಣಿ, ಹೆಂಟೆ, ಇರುವೆಗಳನ್ನೆಸೆಯುವ ವೈರಿಗಳನ್ನೂ ಆತನು ಸೇರಿಸಿರುವನು. ಒಬ್ಬ ನಟನ ಅಭಿಮಾನಿಗಳು ಮತ್ತೊಬ್ಬನ ಚಿತ್ರವನ್ನು ನೋಡದೆಯೇ ಹಳಿಯುವುದು ಆ ಎಸೆತದ ಹೊಸ ರೂಪವಷ್ಟೆ. ಬಿಡುಗಡೆಯ ಮೊದಲ ಮೂರು ದಿನ ಅಂತರ್ಜಾಲದ ವಿಮರ್ಶೆಗಳನ್ನು ತಡೆಯಬೇಕೆಂದು ತಮಿಳು ನಿರ್ಮಾಪಕರ ಸಂಘವೊಂದು 2024ರಲ್ಲಿ ಮದರಾಸಿನ ಹೈಕೋರ್ಟನ್ನು ಕೋರಿತು; ನ್ಯಾಯಾಲಯವು ತತ್ಕಾಲದ ನಿಷೇಧಕ್ಕೆ ಒಪ್ಪಲಿಲ್ಲ. ಅದು ಯುಕ್ತವೇ ಸರಿ. ಸಗಣಿಯೆಸೆಯುವವನನ್ನು ತಡೆಯುವ ನೆವದಿಂದ ಕಾಸು ಕೊಟ್ಟು ನೋಡಿದವರೆಲ್ಲರ ಬಾಯಿ ಕಟ್ಟಿಸುವುದು ನ್ಯಾಯವಲ್ಲ.

ಏಕೆಂದರೆ, ನೋಡಿದವರ ಬಾಯಿಮಾತಿನಿಂದಲೇ ಬೆಳೆದ ಚಿತ್ರಗಳುಂಟು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ತೆರೆಗೆ ಬಂದಿತು. ಕರಾವಳಿಯ ಭೂತಾರಾಧನೆಯ ಆ ಕಥೆಯನ್ನು ಕಂಡವರು ಕಾಣದವರಿಗೆ ಹೇಳಿದರು. ಮೊಬೈಲಿನಿಂದ ಮೊಬೈಲಿಗೆ ಮಾತು ಹಬ್ಬಿತು. ಅಕ್ಟೋಬರಿನಲ್ಲಿ ಚಿತ್ರವು ಹಿಂದಿ, ತೆಲುಗು, ಮಲಯಾಳಗಳಿಗೂ ಇಳಿಯಿತು. ಇಲ್ಲಿ ನೋಟವು ಮೊದಲು, ಮಾತು ಆಮೇಲೆ. ಪ್ರಚಾರಕ್ಕೆ ದ್ರವ್ಯವಿಲ್ಲದ ಸಣ್ಣ ಚಿತ್ರಗಳಿಗೆ ಇಂಥ ಮಾತೊಂದೇ ಆಸರೆ. ಕೂಲಿಯ ಹೊಗಳಿಕೆಯಿಂದ ಮೋಸಹೋದ ಜನರು ನಾಳೆ ನಿಜವಾದ ಮೆಚ್ಚುಗೆಯನ್ನೂ ನಂಬದೆಹೋದರೆ, ಮೊದಲು ಮುಳುಗತಕ್ಕವು ಆ ಚಿತ್ರಗಳೇ. ದೊಡ್ಡವಕ್ಕೆ ಮತ್ತೊಂದು ತಮಟೆಯನ್ನು ಕೊಳ್ಳುವ ಶಕ್ತಿಯಿರುವುದು.

ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸುವ ಪ್ರಾಶ್ನಿಕನು ಮಧ್ಯಸ್ಥನಾಗಿರಬೇಕೆಂದು ಶಾಸ್ತ್ರವು ವಿಧಿಸುವುದು. ಹಿಂದೆ ಆ ಪದವಿ ಕೆಲವರದಾಗಿದ್ದಿತು. ಈಗ ಕೈಯಲ್ಲಿ ಮೊಬೈಲುಳ್ಳ ಪ್ರತಿಯೊಬ್ಬರದೂ ಆಗಿದೆ. ಪದವಿಯೊಡನೆ ಧರ್ಮವೂ ಬರತಕ್ಕದ್ದಷ್ಟೆ. ನೋಡದ ಚಿತ್ರವನ್ನು ಹೊಗಳದೆ, ಹಳಿಯದೆ ಇರುವುದು. ನೋಡಿದ ಮೇಲೆ ಮೆಚ್ಚಿದ್ದನ್ನು ಕಾರಣಸಹಿತವಾಗಿ ನಾಲ್ಕು ಜನಕ್ಕೆ ಹೇಳುವುದು. ಕಂಡವರ ಹೆಸರಿಲ್ಲದ ಮೆಚ್ಚುಗೆಯನ್ನು ಮುಂದಕ್ಕೆ ಕಳುಹಿಸದಿರುವುದು. ಇಷ್ಟನ್ನು ಮಕ್ಕಳಿಗೆ ಕಲಿಸುವುದು ವಿದ್ಯಾವಂತರ ಮನೆಗಳಲ್ಲಿ ಅಸಾಧ್ಯವಾದ ಕೆಲಸವಲ್ಲ.