ನಾಲ್ಕು ಋತುಗಳ ಕಡಲೂರಿನಲ್ಲಿ ಒಂದು ಅಡುಗೆಮನೆ

ಊರು ಬಿಟ್ಟು ಬಂದವರ ಕಥೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಬಿಟ್ಟ ಊರನ್ನು ನೆನೆದು ಹಲುಬುವುದು; ಇನ್ನೊಂದು, ಸೇರಿದ ಊರನ್ನು ಕೊಂಡಾಡುವುದು. ಝುಂಪಾ ಲಾಹಿರಿಯವರ ‘ದ ನೇಮ್‌ಸೇಕ್’ (2003) ಕಾದಂಬರಿ ಈ ಎರಡೂ ಬಗೆಗೆ ಸೇರುವುದಿಲ್ಲ. ಹೊರನಾಡಿನಲ್ಲಿ ಸಂಸಾರ ಹೂಡಿದ ನಾವು ಅದನ್ನು ಓದಬೇಕಾದುದಕ್ಕೆ ಇದೇ ಮೊದಲ ಕಾರಣ. ಬಂಗಾಳಿ ಮನೆತನದ ಕಥೆ ನಮಗೇಕೆ ಎಂದು ಕೇಳುವವರಿಗೆ ಇಷ್ಟು ಹೇಳಬಹುದು: ಹೆಸರುಗಳನ್ನು ಬದಲಿಸಿ, ಸಾಸಿವೆ ಎಣ್ಣೆಯ ಜಾಗದಲ್ಲಿ ಕೊಬ್ಬರಿ ಎಣ್ಣೆಯನ್ನಿಟ್ಟರೆ ಈ ಕಥೆಯ ಅರ್ಧದಷ್ಟು ನಮ್ಮ ಮನೆಗಳದೇ. ಉಳಿದರ್ಧ ಮಾತ್ರ ನಮ್ಮದಲ್ಲ. ಆ ಉಳಿದರ್ಧದ ಹೆಸರು ಹವೆ.

ಕಥೆಯ ಹಂದರ ಹೀಗಿದೆ. ಕಲ್ಕತ್ತೆಯ ಆಶಿಮಾ ಮದುವೆಯಾಗಿ, ಎಂಜಿನಿಯರಿಂಗ್‌ನಲ್ಲಿ ಸಂಶೋಧನೆ ಮಾಡುತ್ತಿರುವ ಗಂಡ ಅಶೋಕ್ ಗಂಗೂಲಿಯೊಂದಿಗೆ ಬಾಸ್ಟನ್ನಿನ ಮಗ್ಗುಲಿನ ಕೇಂಬ್ರಿಜ್‌ಗೆ ಬರುತ್ತಾಳೆ. 1968ರಲ್ಲಿ ಮಗ ಹುಟ್ಟುತ್ತಾನೆ. ಅಜ್ಜಿ ಆರಿಸಿದ ಹೆಸರನ್ನು ಹೊತ್ತ ಕಾಗದ ಕಲ್ಕತ್ತೆಯಿಂದ ಬರುವುದೇ ಇಲ್ಲ. ತಂದೆ ಹಿಂದೊಮ್ಮೆ ಭೀಕರ ರೈಲು ಅಪಘಾತದಲ್ಲಿ ಬದುಕಿ ಉಳಿದವನು. ಆ ರಾತ್ರಿ ಅವನ ಕೈಯಲ್ಲಿದ್ದದ್ದು ರಷ್ಯದ ಲೇಖಕ ಗೊಗೊಲ್‌ನ ಕಥೆಗಳು. ಹಾಗಾಗಿ ಮಗು ಗೊಗೊಲ್ ಆಗುತ್ತದೆ. ಆ ಹೆಸರನ್ನು ಹೊತ್ತು, ನಾಚಿ, ಬಿಟ್ಟು, ಕೊನೆಗೆ ಅದರ ಬೆಲೆ ತಿಳಿಯುವ ಮಗನ ಕಥೆಯೇ ಮೇಲ್ನೋಟದ ಕಥೆ. ವಿಮರ್ಶಕರೂ ಬಹುಮಟ್ಟಿಗೆ ಅದನ್ನೇ ಚರ್ಚಿಸಿದ್ದಾರೆ. ಆದರೆ ಪುಸ್ತಕದ ಜೀವ ಇರುವುದು ತಾಯಿಯಲ್ಲಿ ಎಂಬುದು ಈ ಲೇಖನದ ವಾದ.

ಬಾಸ್ಟನ್ನಿನ ಹವೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಆ ನಗರ ಸುಮಾರು 42 ಡಿಗ್ರಿ ಅಕ್ಷಾಂಶದಲ್ಲಿ, ಹೆಚ್ಚುಕಡಿಮೆ ರೋಮ್ ನಗರದಷ್ಟೇ ಉತ್ತರಕ್ಕಿದೆ. ಬಾಗಿಲಲ್ಲೇ ಅಟ್ಲಾಂಟಿಕ್ ಸಮುದ್ರ. ಆದರೂ ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಅಂದರೆ ನೆಲದ ಕಡೆಯಿಂದ ಬೀಸುವುದರಿಂದ ಕಡಲಿನ ಹಿತ ಊರಿಗೆ ಪೂರ್ತಿ ದಕ್ಕುವುದಿಲ್ಲ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ತುಸು ಕೆಳಗೆ. ಜುಲೈಯದು ಸುಮಾರು 23 ಡಿಗ್ರಿ ಸೆಲ್ಸಿಯಸ್. ವರ್ಷಕ್ಕೆ ಸುಮಾರು 4 ಅಡಿ ಹಿಮ. 1978ರ ಫೆಬ್ರವರಿಯ ಒಂದೇ ಬಿರುಗಾಳಿಯಲ್ಲಿ 27 ಇಂಚು ಬಿದ್ದದ್ದೂ ಉಂಟು. ನಮ್ಮ ಮುಂಬಯಿಯಲ್ಲಿ ಅತಿ ತಂಪಿನ ತಿಂಗಳಿಗೂ ಅತಿ ಸೆಕೆಯ ತಿಂಗಳಿಗೂ ಸರಾಸರಿಯಲ್ಲಿ ಆರೇಳು ಡಿಗ್ರಿಯ ಅಂತರ. ಪಂಚಾಂಗದಲ್ಲಿ ಆರು ಋತುಗಳಿದ್ದರೇನು, ಇಲ್ಲಿ ನಮಗಿರುವುದು ಎರಡೇ: ಮಳೆ, ಮತ್ತು ಮಳೆಯಿಲ್ಲದ ಕಾಲ. ಕಾರವಾರದಿಂದಲೋ ಉಡುಪಿಯಿಂದಲೋ ಮುಂಬಯಿಗೆ ಬಂದವನು ಭಾಷೆ ಬದಲಿಸಿದ, ಮನೆ ಬದಲಿಸಿದ. ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನು ಬದಲಿಸಬೇಕಾಗಲಿಲ್ಲ. ಆಶಿಮಾಳಿಗೆ ಮೈಮೇಲಿನ ಬಟ್ಟೆಯಿಂದಲೇ ಹೊಸ ಪಾಠ ಮೊದಲಾಗುತ್ತದೆ.

ಲಾಹಿರಿಯವರ ಜಾಣ್ಮೆ ಕಾಣುವುದು ಇಲ್ಲಿ. ಅಮೆರಿಕಕ್ಕೆ ವಲಸೆ ಹೋದವರ ಕಾದಂಬರಿ ಎಂದರೆ ಮೊದಲ ಪುಟದಲ್ಲೇ ಹಿಮ ಸುರಿಯಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ಈ ಪುಸ್ತಕ ಆರಂಭವಾಗುವುದು ಆಗಸ್ಟ್ ತಿಂಗಳ ಅಂಟು ಸೆಕೆಯಲ್ಲಿ. ದಿನ ತುಂಬುತ್ತಿರುವ ಬಸುರಿ ಹೆಂಗಸು ಡಬ್ಬಿಯ ಅಕ್ಕಿ ಪುರಿ, ಕಡಲೆಕಾಯಿ, ಹೆಚ್ಚಿದ ಈರುಳ್ಳಿ, ಉಪ್ಪು, ನಿಂಬೆರಸ, ಹಸಿಮೆಣಸು ಬೆರೆಸಿ, ಕಲ್ಕತ್ತೆಯ ಬೀದಿಬದಿಯ ಚುರುಮುರಿಯನ್ನು ನೆನಪಿನಿಂದ ಮಾಡಿಕೊಳ್ಳುತ್ತಿದ್ದಾಳೆ. ಸಾಸಿವೆ ಎಣ್ಣೆಯೊಂದಿಲ್ಲ. ಅವಳಿರುವ ಬಾಡಿಗೆ ಮನೆ ಚಳಿಗಾಲದಲ್ಲಿ ಗಾಳಿ ನುಗ್ಗುವಂಥದು, ಬೇಸಗೆಯಲ್ಲಿ ಕುದಿಯುವಂಥದು. ಸ್ನಾನದ ಕೋಣೆಯಲ್ಲಿ ಜಿರಳೆ ಬೇರೆ. ಸಿನಿಮಾದಲ್ಲಿ ಕಂಡ ಅಮೆರಿಕ ಇದಲ್ಲವಲ್ಲ ಎಂದು ಅವಳಿಗೆ ಅನಿಸುವುದನ್ನು ಲೇಖಕಿ ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಗೋಳಿಲ್ಲ, ನಿಟ್ಟುಸಿರಿಲ್ಲ. ಋತುಗಳು ಇಲ್ಲಿ ಹಿನ್ನೆಲೆಯ ಪರದೆಯಲ್ಲ. ಒಬ್ಬಳು ಹೆಂಗಸು ದಿನ ದೂಡುವುದನ್ನು ಅಳೆಯುವ ಸೇರು ಪಾವು.

ಇನ್ನೂ ಸೂಕ್ಷ್ಮವಾದ ಒಂದು ಮಾತನ್ನು ಗಮನಿಸಬೇಕು. ಗಂಡನಿಗೆ ಕಾಲೇಜಿನಲ್ಲಿ ಕೆಲಸ ಸಿಕ್ಕು, ಸಂಸಾರ ಕೇಂಬ್ರಿಜ್ ಬಿಟ್ಟು ಬಾಸ್ಟನ್ನಿನ ಹೊರವಲಯದ ಸಣ್ಣ ಊರಿಗೆ ಹೋಗುತ್ತದೆ. ಕಲ್ಕತ್ತೆ ಬಿಟ್ಟದ್ದಕ್ಕಿಂತ ಈ ಎರಡನೆಯ ಸ್ಥಳಾಂತರವೇ ಆಶಿಮಾಳಿಗೆ ಹೆಚ್ಚು ಕಷ್ಟವೆನಿಸುತ್ತದೆ. ನಡೆದುಹೋಗಲು ಅಂಗಡಿಯಿಲ್ಲ, ಬಸ್ಸಿಲ್ಲ, ಬೀದಿಯಲ್ಲಿ ದೀಪವಿಲ್ಲ. ಚಾಳಿನ ಗದ್ದಲ ಬಿಟ್ಟು ದೂರದ ಉಪನಗರದ ಸ್ವಂತ ಫ್ಲ್ಯಾಟಿಗೆ ಹೋದ ನಮ್ಮ ಎಷ್ಟೋ ಗೃಹಿಣಿಯರಿಗೆ ಈ ಸತ್ಯ ಗೊತ್ತು, ಹೇಳಿಕೊಂಡವರು ಕಡಮೆ. ಮೊದಲ ವಲಸೆಗೆ ಊರೆಲ್ಲ ಸೇರಿ ಬೀಳ್ಕೊಡುತ್ತದೆ. ಎರಡನೆಯದಕ್ಕೆ ಲಾರಿಯೊಂದೇ ಬರುತ್ತದೆ. ಇದನ್ನು ಗುರುತಿಸಿದ್ದಕ್ಕಾಗಿಯೇ ಈ ಕಾದಂಬರಿಗೆ ಮನ್ನಣೆ ಸಲ್ಲಬೇಕು.

ಇನ್ನು ಕೊರತೆಗಳು. ಮಗ ಬೆಳೆದು ನ್ಯೂಯಾರ್ಕಿಗೆ ಹೋದ ಮೇಲೆ ಕಾದಂಬರಿ ಅವನ ಬೆನ್ನು ಹತ್ತುತ್ತದೆ. ಅವನ ಗೆಳತಿಯರು, ಅವರ ಮನೆಯ ಊಟೋಪಚಾರ, ಮುರಿದ ಮದುವೆ, ಇವು ಪುಟಗಟ್ಟಲೆ ಹರಡಿಕೊಳ್ಳುತ್ತವೆ. ಲೇಖಕಿಗೆ ವಸ್ತುಗಳ ಪಟ್ಟಿ ಮಾಡುವ ಮೋಹವಿದೆ. ಆರಂಭದ ಅಡುಗೆಮನೆಯಲ್ಲಿ ಆ ಪಟ್ಟಿ ಒಂಟಿತನವನ್ನು ಕಾಣಿಸಿದರೆ, ನ್ಯೂಯಾರ್ಕಿನ ಮೇಜಿನ ಮೇಲೆ ಅದು ಬರಿಯ ಪಟ್ಟಿಯಾಗುತ್ತದೆ. ಅಷ್ಟರಲ್ಲಿ ತಾಯಿ ಮರೆಗೆ ಸರಿದಿರುತ್ತಾಳೆ. ಅವಳ ಎಷ್ಟೋ ಚಳಿಗಾಲಗಳು ಅಧ್ಯಾಯಗಳ ನಡುವಿನ ಖಾಲಿ ಜಾಗದಲ್ಲಿ ಕಳೆದುಹೋಗಿವೆ. ತಂದೆ ಚಿಕ್ಕ ಮಗನ ಕೈಹಿಡಿದು ಕೇಪ್ ಕಾಡ್‌ನ ಕಡಲಿಗೆ ಚಾಚಿದ ಕಲ್ಲುದಾರಿಯ ಮೇಲೆ ದೀಪಸ್ತಂಭದವರೆಗೆ ನಡೆಯುವ ಸನ್ನಿವೇಶ ಪುಸ್ತಕದ ಅತ್ಯುತ್ತಮ ಭಾಗಗಳಲ್ಲೊಂದು. ತಂದೆ ತೀರಿಹೋದ ಮೇಲೆ ಮಗನಿಗೆ ಅದು ನೆನಪಾಗುತ್ತದೆ. ಆದರೆ ಅಲ್ಲಿಯೂ ಕೂಸಿನೊಂದಿಗೆ ತಾಯಿ ಹಿಂದೆಯೇ ಉಳಿಯುತ್ತಾಳೆ. ಕಡಲೂರಿನಲ್ಲಿ ಇಷ್ಟು ವರ್ಷ ಬಾಳಿದವಳಿಗೆ ಕಾದಂಬರಿ ಕಡಲನ್ನು ಕೊಡಲಿಲ್ಲ.

ಮೀರಾ ನಾಯರ್ 2006ರಲ್ಲಿ ಇದನ್ನು ಚಲನಚಿತ್ರ ಮಾಡಿದಾಗ ಊರನ್ನೇ ಬದಲಿಸಿದರು. ಬಾಸ್ಟನ್ ಹೋಗಿ ನ್ಯೂಯಾರ್ಕ್ ಬಂತು. ಹೌರಾ ಸೇತುವೆಯೂ ನ್ಯೂಯಾರ್ಕಿನ ಸೇತುವೆಯೂ ಒಂದರ ಪಕ್ಕ ಒಂದು ಕಾಣುವುದರಿಂದ ಎರಡು ನಗರಗಳು ಕಣ್ಣಿಗೆ ಹತ್ತಿರವಾಗುತ್ತವೆ. ಚಿತ್ರ ಸುಂದರವಾಗಿದೆ, ಆದರೆ ಕಾದಂಬರಿಯಲ್ಲಿದ್ದ ದೂರ ಕರಗಿದೆ. ಸೇತುವೆಯೇ ಇಲ್ಲದ್ದು ಆಶಿಮಾಳ ದುಃಖವಲ್ಲವೇ? ಈ ನಷ್ಟವನ್ನು ತುಂಬಿಕೊಟ್ಟವರು ತಬು. ಗಂಡನ ಸ್ವೆಟರನ್ನು ಯಂತ್ರದಲ್ಲಿ ಒಗೆದು, ಅದು ಕುಗ್ಗಿಹೋಗಿ, ಅವನು ಗದರಿದಾಗ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅಳುವ ದೃಶ್ಯವೊಂದಿದೆ. ಹೊರಗೆ ನಿಂತು ರಮಿಸುವ ಇರ್ಫಾನ್ ಖಾನ್ ಕೂಡ ಅಷ್ಟೇ ನಿಜ. ಉಣ್ಣೆಯನ್ನು ಹೇಗೆ ಒಗೆಯಬೇಕೆಂದು ಗೊತ್ತಿಲ್ಲದಿರುವುದರಲ್ಲಿ ಒಂದು ಹವೆಯನ್ನು ಅರಿಯದಿರುವ ಸಂಕಟವೆಲ್ಲ ಅಡಗಿದೆ.

ಇದಕ್ಕೆ ಜೊತೆಯಾಗಿ ಲಾಹಿರಿಯವರ ಮೊದಲ ಸಂಕಲನ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’ (1999) ಓದಬೇಕು. 2000ದಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಈ ಸಂಕಲನದ ಕೊನೆಯ ಕಥೆ ‘ದ ಥರ್ಡ್ ಆ್ಯಂಡ್ ಫೈನಲ್ ಕಾಂಟಿನೆಂಟ್’. ಊರೂ ಅದೇ, ಕಾಲವೂ ಅದೇ: ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969. ಅಲ್ಲಿ ಹೊಸ ಹೆಂಡತಿ ಮಾಲಾ ಕಲ್ಕತ್ತೆಯಿಂದ ಗಂಡನಿಗಾಗಿ ನೀಲಿ ಉಣ್ಣೆಯ ಸ್ವೆಟರುಗಳನ್ನು ಹೆಣೆದು ತರುತ್ತಾಳೆ. ತೊಟ್ಟರೆ ಕಂಕುಳಲ್ಲಿ ಬಿಗಿ. ಮದುವೆಯಾಗಿ ಐದು ದಿನವಷ್ಟೇ ಕಂಡ ಗಂಡನ ಅಳತೆ ಅವಳಿಗೆ ಹೇಗೆ ತಿಳಿಯಬೇಕು? ಒಂದೆಡೆ ಕುಗ್ಗಿದ ಸ್ವೆಟರು, ಇನ್ನೊಂದೆಡೆ ಬಿಗಿಯಾದ ಸ್ವೆಟರು. ಹೊಸ ಊರಿನ ಚಳಿಯೂ ಹೊಸ ದಾಂಪತ್ಯದ ಚಳಿಯೂ ಒಂದೇ ಬಟ್ಟೆಯಲ್ಲಿ ಬೆರೆತಿವೆ. ನನ್ನ ಮಟ್ಟಿಗೆ ಈ ಕಿರುಗತೆ ಕಾದಂಬರಿಗಿಂತ ಒಂದು ತೂಕ ಹೆಚ್ಚು, ಏಕೆಂದರೆ ಅದು ಯಾರನ್ನೂ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ.

ಆದರೂ ಕಾದಂಬರಿ ಕೊನೆಯಲ್ಲಿ ತಾಯಿಯ ಬಳಿಗೆ ಮರಳುತ್ತದೆ. ವಿಧವೆಯಾದ ಆಶಿಮಾ ಮನೆ ಮಾರಿ, ವರ್ಷವನ್ನೇ ಎರಡು ಪಾಲು ಮಾಡುತ್ತಾಳೆ: ವಸಂತ ಮತ್ತು ಬೇಸಗೆ ಮಕ್ಕಳಿರುವ ನಾಡಿಗೆ, ಉಳಿದ ಆರು ತಿಂಗಳು ಕಲ್ಕತ್ತೆಗೆ. ಆಶಿಮಾ ಎಂದರೆ ಅಸೀಮೆ, ಎಲ್ಲೆಯಿಲ್ಲದವಳು. ಊರೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಲೋಕ ಕೇಳಿದಾಗ ಅವಳು ಋತುಗಳನ್ನು ಆರಿಸಿಕೊಳ್ಳುತ್ತಾಳೆ. ಒಂದು ಕಾಲಕ್ಕೆ ಅವಳನ್ನು ಹೆದರಿಸಿದ ಹವೆ ಈಗ ಅವಳ ಲೆಕ್ಕಕ್ಕೆ ಒಳಪಟ್ಟಿದೆ.

ನಮ್ಮಲ್ಲಿ ಯಶವಂತ ಚಿತ್ತಾಲರು ಹನೇಹಳ್ಳಿಯನ್ನೂ ಮುಂಬಯಿಯನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಂಡು ಬರೆದರು. ಅವರ ‘ಶಿಕಾರಿ’ (1979) ಇದೇ ನಗರದಲ್ಲಿ ದುಡಿಯುವ ಗಂಡಸಿನ ತಳಮಳದ ಮಹಾಕಥೆ. ಅದೇ ನಗರದ ಅಡುಗೆಮನೆಯಲ್ಲಿ ಸ್ಟೋವ್ ಹೊತ್ತಿಸಿ, ಹಾಲಿನ ಕಾರ್ಡಿಗೆ ಸಾಲು ನಿಂತು, ಮರಾಠಿ ಕಲಿತು ಮಕ್ಕಳಿಗೆ ಕನ್ನಡ ಉಳಿಸಿದ ತಾಯಂದಿರ ಕಥೆಗೂ ಅಷ್ಟೇ ದೊಡ್ಡ ಕಾದಂಬರಿ ಸಲ್ಲಬೇಕು. ‘ದ ನೇಮ್‌ಸೇಕ್’ ತನ್ನ ತಾಯಿಯನ್ನು ನಡುವೆ ಮರೆತರೂ ಅವಳಿಂದಲೇ ತೊಡಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಪುಸ್ತಕವನ್ನು ಅವರ ಕೈಗೆ ಕೊಡಿ. ಮುಗಿಸಿದ ಮೇಲೆ, ಈ ಊರಿಗೆ ಬಂದ ಮೊದಲ ವರ್ಷ ಹೇಗಿತ್ತೆಂದು ತಾಯಿಯನ್ನು ಕೇಳಲು ಹೇಳಿ. ಅವರು ಕೇಳಿದರೆ ಪುಸ್ತಕದ ಬೆಲೆ ಸಂದಂತೆ.